ಚಿಕ್ಕಮ್ಮನ ನೆಟ್‌ಬುಕ್‌ಗೆ ವೈಫೈ ಬಂದ ಬಗೆ: ಒಂದು ಪ್ರಕರಣ

2023ರ ಆಗಸ್ಟ್. ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ ಎರಡು ದಿನದ ರಜೆಗೆ ಹೋಗಿದ್ದೆ. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಕಾಫಿ ಲೋಟ ಕೈಗೆ ಕೊಟ್ಟವಳೇ ಒಳಗಿನಿಂದ ಒಂದು ಕಪ್ಪು ನೆಟ್‌ಬುಕ್ (ಪುಟ್ಟ ಲ್ಯಾಪ್‌ಟಾಪ್) ತಂದು ಮುಂದಿಟ್ಟಳು. "ಇದಕ್ಕೆ ವೈಫೈ ಬತ್ತಾ ಇಲ್ಲೆ ತಮಾ. ಕಾರ್ಡ್ ಹೋಯ್ದಡ" ಅಂದಳು. ಹಾಗಂತ ಹೇಳಿದ್ದು ಪೇಟೆಯ ಒಬ್ಬ ರಿಪೇರಿಯವನು. ಹಳೇ ಮಾಲು, ಹೊಸದು ತಗೊಳ್ಳಿ ಅಂತಲೂ ಹೇಳಿದ್ದನಂತೆ.

ಆ ನೆಟ್‌ಬುಕ್ 2010ರದ್ದು. ಮಗಳು ಕಾಲೇಜಿಗೆ ಸೇರಿದಾಗ ಕೊಡಿಸಿದ್ದು. 10 ಇಂಚಿನ ಪರದೆ, ಇಂಟೆಲ್ ಆಟಂ ಎನ್450 ಪ್ರೊಸೆಸರ್, 1 ಜಿಬಿ ರಾಮ್. ಜೊತೆಗೆ ಬಂದಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿತ್ತು. ಆಮೇಲೆ ಅದು ಬೀರುವಿನಲ್ಲೇ ಇತ್ತು. 2023ರ ಜುಲೈನಲ್ಲಿ ಚಿಕ್ಕಮ್ಮನ ಅಣ್ಣನ ಮಗ, ಇಂಜಿನಿಯರಿಂಗ್ ಓದುವ ಹುಡುಗ, ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12ರ 32 ಬಿಟ್ ಆವೃತ್ತಿ ಹಾಕಿ ಮೇಲೆ ಎಲ್‌ಎಕ್ಸ್‌ಡಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಕೂರಿಸಿದ್ದ. ಅವನ ಆಯ್ಕೆ ಸರಿಯಾಗಿತ್ತು. 1 ಜಿಬಿ ರಾಮ್‌ಗೆ ಹಗುರ ಡೆಸ್ಕ್‌ಟಾಪೇ ಬೇಕು. ಯಂತ್ರ ಸಲೀಸಾಗಿ ಓಡುತ್ತಿತ್ತು. ವೈಫೈ ಒಂದು ಬಿಟ್ಟು.

ಚಿಕ್ಕಮ್ಮನಿಗೆ ಇದು ಸುಮ್ನೆ ಟೈಂಪಾಸ್‌ಗೆ ಬೇಕಾಗಿದ್ದಲ್ಲ. ಅವಳ ಹತ್ತಿರ ಮೂರು ದಪ್ಪ ನೋಟ್‌ಬುಕ್ ತುಂಬ ಹಾಡುಗಳಿವೆ. ಹಸೆ ಹಾಡು, ಎಣ್ಣೆ ಹಚ್ಚುವ ಹಾಡು, ಆರತಿ ಹಾಡು. ಅಜ್ಜಿಯಿಂದ ಕೇಳಿ ಬರೆದುಕೊಂಡಿದ್ದು. ಅದನ್ನೆಲ್ಲ ಟೈಪ್ ಮಾಡಿ ಬೆಂಗಳೂರಿನಲ್ಲಿರುವ ಮಗಳಿಗೆ ಮೇಲ್ ಮಾಡಬೇಕು ಅನ್ನೋದು ಅವಳ ಆಸೆ. ಫೋನಿನ ಪುಟ್ಟ ಕೀಬೋರ್ಡಿನಲ್ಲಿ ಅದು ಆಗುವ ಕೆಲಸ ಅಲ್ಲ. ಅದಕ್ಕೇ ನಾನು ಗಟ್ಟಿಯಾಗಿ ಕೂತೆ.

ಕಾರ್ಡ್ ಕಾಣ್ತಾ ಇದೆಯಾ?

ಇಂಥ ತೊಂದರೆಯಲ್ಲಿ ಮೊದಲು ಕೇಳಬೇಕಾದ್ದು ಇದೊಂದೇ. ಕಾರ್ಡ್ ನಿಜವಾಗಿ ಸತ್ತಿದ್ದರೆ ಸಾಮಾನ್ಯವಾಗಿ ಪಿಸಿಐ ಪಟ್ಟಿಯಲ್ಲಿ, ಅಂದರೆ ಯಂತ್ರದೊಳಗೆ ಜೋಡಿಸಿದ ಕಾರ್ಡುಗಳ ಪಟ್ಟಿಯಲ್ಲಿ, ಅದರ ಹೆಸರೇ ಬರುವುದಿಲ್ಲ. ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಆದೇಶ ಕೊಟ್ಟೆ. ಅದರ ಮುಂದೆ ಒಂದು ಅಡ್ಡಗೆರೆ, ಎರಡು ಎನ್, ಒಂದು ಕೆ. ಎನ್‌ಗಳು ಗುರುತಿನ ಸಂಖ್ಯೆ ತೋರಿಸುತ್ತವೆ, ಕೆ ಯಾವ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ. ಪಟ್ಟಿಯಲ್ಲಿ ಕಾರ್ಡ್ ಇತ್ತು: ಬ್ರಾಡ್‌ಕಾಮ್ ಬಿಸಿಎಂ4312, 802.11ಬಿ/ಜಿ, ಎಲ್‌ಪಿ-ಪಿಎಚ್‌ವೈ. ಸಾಲಿನ ಕೊನೆಗೆ ಚೌಕ ಆವರಣದಲ್ಲಿ 14ಇ4:4315.

ಅಂದರೆ ಕಾರ್ಡ್ ಹೋಗಿರಲಿಲ್ಲ. ಪ್ರೊಸೆಸರ್ ಕರೆದರೆ ಓಗೊಡುತ್ತಿತ್ತು. ಚಿಕ್ಕಮ್ಮನಿಗೆ ಅಷ್ಟು ಹೇಳಿದಾಗಲೇ ಅವಳ ಮುಖ ಅರಳಿತು.

ಇಲ್ಲಿ ಒಂದು ಮಾತು. ಈ ಕಾರ್ಡಿನ ವಿಷಯದಲ್ಲಿ ಹೆಸರನ್ನು ನಂಬಬೇಡಿ, ಗುರುತಿನ ಸಂಖ್ಯೆಯನ್ನೇ ನೋಡಿ. ಬಿಸಿಎಂ4312 ಅನ್ನೋ ಚಿಪ್‌ನ ಗುರುತು 4315. ಆದರೆ 4312 ಅಂತ ಗುರುತಿರುವ ಕಾರ್ಡ್ ಬೇರೆಯೇ ಒಂದಿದೆ. ಅದರ ಚಿಪ್ 4311. ಹುಡುಕಾಟಕ್ಕೆ ಬರೀ 4312 ಅಂತ ಹಾಕಿದರೆ ಎರಡರ ಸಲಹೆಗಳೂ ಕಲಸುಮೇಲೋಗರವಾಗಿ ಬರುತ್ತವೆ. ಒಂದಕ್ಕೆ ಸರಿಹೋಗುವ ಮದ್ದು ಇನ್ನೊಂದಕ್ಕೆ ಆಗಲೇಬೇಕು ಅಂತೇನಿಲ್ಲ. ಈ ಎಂಟು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಆಮೇಲೆ ಡ್ರೈವರ್ ಸಾಲು ನೋಡಿದೆ. ಅದು ಇರಲೇ ಇಲ್ಲ. ಸಾಮಾನ್ಯವಾಗಿ ಹೊಸದಾಗಿ ಡೆಬಿಯನ್ ಹಾಕಿದ ಯಂತ್ರದಲ್ಲಿ ಈ ಕಾರ್ಡಿನ ಕೆಳಗೆ ಬಿ43-ಪಿಸಿಐ-ಬ್ರಿಡ್ಜ್ ಬಳಕೆಯಲ್ಲಿದೆ ಅಂತ ಬರುತ್ತದೆ. ಅದನ್ನು ನೋಡಿ ಡ್ರೈವರ್ ಸರಿ ಇದೆ ಅಂತ ಅಂದುಕೊಳ್ಳುವವರೂ ಇದ್ದಾರೆ. ಬ್ರಿಡ್ಜ್ ಅನ್ನೋದು ಬರೀ ಸೇತುವೆ. ಅದಾದ ಮೇಲೆ ನಿಜವಾದ ಡ್ರೈವರ್ ಬಿ43 ಬರಬೇಕು. ಇಲ್ಲಿ ಸೇತುವೆಯೂ ಇಲ್ಲ. ಡಿ, ಎಂ, ಇ, ಎಸ್, ಜಿ ಅಂತ ಐದು ಅಕ್ಷರದ ಒಂದು ಆದೇಶ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬೂಟ್ ಆದಾಗಿನಿಂದ ಏನೇನು ಹೇಳಿತು ಅನ್ನೋದನ್ನೆಲ್ಲ ಅದು ತೋರಿಸುತ್ತದೆ. ಅದರಲ್ಲಿ ಬಿ43 ಅಂತ ಹುಡುಕಿದೆ. ಒಂದು ಸಾಲೂ ಇಲ್ಲ.

ಇದು ವಿಚಿತ್ರ ಅನ್ನಿಸಿತು. ಕಾರ್ಡಿನೊಳಗೆ ಓಡುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಇಲ್ಲದಿದ್ದರೆ ಕರ್ನಲ್ ಜೋರಾಗಿ ದೂರುತ್ತದೆ. ಇಲ್ಲಿ ಪೂರ್ತಿ ಮೌನ. ಮೌನ ಅಂದರೆ ಯಾರೋ ಬಾಯಿ ಮುಚ್ಚಿಸಿದ್ದಾರೆ ಅಂತ ಅರ್ಥ.

ಮೊದಲ ಬಾಗಿಲು: ಉಳಿದುಹೋದ ಒಂದು ಫೈಲ್

ಹುಡುಗನಿಗೆ ಫೋನ್ ಮಾಡಿದೆ. ಪಾಪ, ಅವನು ನೆನಪು ಮಾಡಿಕೊಂಡು ಎಲ್ಲ ಹೇಳಿದ. ಒಂದು ವಿಡಿಯೊ ನೋಡಿ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಅನ್ನೋ ಪ್ಯಾಕೇಜ್ ಹಾಕಿದ್ದನಂತೆ. ಕೆಲಸ ಮಾಡಲಿಲ್ಲ ಅಂತ ತೆಗೆದೂ ಹಾಕಿದ್ದನಂತೆ.

ಈ ಕಾರ್ಡಿಗೆ ಎರಡು ದಾರಿ ಇವೆ. ಒಂದು, ಕರ್ನಲ್ ಒಳಗೇ ಇರುವ ಬಿ43 ಡ್ರೈವರ್. ಇನ್ನೊಂದು, ಬ್ರಾಡ್‌ಕಾಮ್ ಕಂಪನಿಯೇ ಕೊಟ್ಟಿರುವ ಡಬ್ಲ್ಯೂಎಲ್ ಡ್ರೈವರ್. ಎರಡನೆಯದರ ಮುಖ್ಯ ಭಾಗ ಮುಚ್ಚಿದ ಬೈನರಿ. ಅದನ್ನು ನಮ್ಮ ಕರ್ನಲ್‌ಗೆ ಹೊಂದಿಸಿ ಅಲ್ಲೇ ಕಂಪೈಲ್ ಮಾಡಿಕೊಳ್ಳಬೇಕು. ಅದಕ್ಕೆ ಕರ್ನಲ್ ಹೆಡರ್‌ಗಳು, ಅಂದರೆ ಕರ್ನಲ್‌ನ ಒಳರಚನೆ ಹೇಳುವ ಫೈಲ್‌ಗಳು, ಬೇಕು. ಹುಡುಗ ಹೆಡರ್ ಹಾಕಿರಲಿಲ್ಲ. ಹೆಡರ್ ಇಲ್ಲದ್ದರಿಂದ ಬಿಲ್ಡ್ ಬಿಟ್ಟುಬಿಟ್ಟಿದ್ದೇನೆ ಅಂತ ಆ ಪ್ಯಾಕೇಜ್ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಇನ್‌ಸ್ಟಾಲ್ ಮಾತ್ರ ಆದಂತೆ ಕಾಣುತ್ತದೆ.

ಆದರೆ ಅದು ಹೋಗುವ ಮೊದಲು ಒಂದು ಕೆಲಸ ಮಾಡಿತ್ತು. ಡಬ್ಲ್ಯೂಎಲ್ ಮತ್ತು ಬಿ43 ಒಂದೇ ಕಾರ್ಡಿಗೆ ಕಚ್ಚಾಡಬಾರದು ಅಂತ, ಬಿ43 ಮತ್ತು ಅದರ ನಂಟಿನ ಎಸ್‌ಎಸ್‌ಬಿ, ಬಿಸಿಎಂಎ ಮಾಡ್ಯೂಲ್‌ಗಳನ್ನೆಲ್ಲ ಬ್ಲ್ಯಾಕ್‌ಲಿಸ್ಟ್ ಮಾಡುವ ಒಂದು ಫೈಲ್ ಇಡುತ್ತದೆ. ಅದು ಇರುವ ಜಾಗ ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್.ಡಿ. ಡೆಬಿಯನ್‌ನಲ್ಲಿ ರಿಮೂವ್ ಅಂದರೆ ಪ್ರೋಗ್ರಾಂ ಮಾತ್ರ ಹೋಗುತ್ತದೆ. ಸೆಟ್ಟಿಂಗ್ ಫೈಲ್‌ಗಳು ಹಾಗೇ ಉಳಿಯುತ್ತವೆ. ಅವೂ ಹೋಗಬೇಕಾದರೆ ಪರ್ಜ್ ಅನ್ನಬೇಕು. ಪ್ಯಾಕೇಜ್ ಪಟ್ಟಿಯಲ್ಲಿ ನೋಡಿದರೆ ಆ ಹೆಸರಿನ ಎಡಕ್ಕೆ ಆರ್‌ಸಿ ಅಂತ ಎರಡು ಅಕ್ಷರ ಇತ್ತು. ತೆಗೆದಿದೆ, ಆದರೆ ಸೆಟ್ಟಿಂಗ್ ಉಳಿದಿದೆ ಅಂತ ಅದರ ಅರ್ಥ.

ಹೀಗೆ ಒಂದು ಡ್ರೈವರ್ ಬರಲೇ ಇಲ್ಲ. ಇನ್ನೊಂದನ್ನು ಬರದಂತೆ ತಡೆದ ಫೈಲ್ ಮಾತ್ರ ಗಟ್ಟಿಯಾಗಿ ಕೂತಿತ್ತು. ಪರ್ಜ್ ಮಾಡಿದೆ. ಬೂಟ್ ಆಗುವಾಗ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಒಳಗೂ ಹಳೆಯ ಪ್ರತಿ ಇರಬಹುದು ಅಂತ ಅದನ್ನೂ ಹೊಸದಾಗಿ ಕಟ್ಟಿಸಿದೆ. ಆಟಂ ಪ್ರೊಸೆಸರಿಗೆ ಅದೇ ದೊಡ್ಡ ಕೆಲಸ, ಒಂದು ಕವಳ ಹಾಕುವಷ್ಟು ಹೊತ್ತು ಬೇಕಾಯಿತು. ರೀಬೂಟ್.

ಈ ಸಲ ಬಿ43 ಮಾತಾಡಿತು. ಬ್ರಾಡ್‌ಕಾಮ್ 4312 ಸಿಕ್ಕಿದೆ, ಕೋರ್ ರಿವಿಷನ್ 15 ಅಂತ ಒಂದು ಸಾಲು. ಕೆಳಗೆ ತಪ್ಪಿನ ಸಾಲು: ಬಿ43 ಫೋಲ್ಡರಿನಲ್ಲಿ ಯುಕೋಡ್15.ಎಫ್‌ಡಬ್ಲ್ಯೂ ಸಿಗಲಿಲ್ಲ.

ನನಗೆ ಖುಷಿಯಾಯಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಕೆಂಪು ಅಕ್ಷರ ನೋಡಿ ಗಾಬರಿಯಾದಳು. ತಪ್ಪು ಬದಲಾಗಿದೆ ಅಂದರೆ ನಾವು ಒಂದು ಬಾಗಿಲು ದಾಟಿದ್ದೇವೆ ಅಂತ ಅರ್ಥ, ಚಿಕ್ಕಮ್ಮ ಅಂದೆ.

ಆ ಫೈಲ್ ಯಾಕೆ ಇರಲಿಲ್ಲ?

ವೈಫೈ ಕಾರ್ಡಿನೊಳಗೆ ಅದರದ್ದೇ ಒಂದು ಪುಟ್ಟ ಪ್ರೊಸೆಸರ್ ಇದೆ. ಅದು ಓಡಿಸುವ ಪ್ರೋಗ್ರಾಮೇ ಫರ್ಮ್‌ವೇರ್. ಈ ಕಾರ್ಡ್ ಅದನ್ನು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ. ಕರೆಂಟ್ ಹೋದರೆ ಎಲ್ಲ ಮರೆತುಹೋಗುತ್ತದೆ. ಪ್ರತಿ ಸಲ ಯಂತ್ರ ಹಚ್ಚಿದಾಗಲೂ ಡ್ರೈವರ್ ಆ ಫೈಲನ್ನು ಡಿಸ್ಕಿನಿಂದ ಎತ್ತಿ ಕಾರ್ಡಿಗೆ ತುಂಬಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಜೊತೆಗೇ ಅದು ಬರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬೇಕಾದಷ್ಟು ಫರ್ಮ್‌ವೇರ್ ಬರುತ್ತದೆ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಹಾಗೆ ತೀರ್ಮಾನ ಮಾಡಿದರು. ಇಂಟೆಲ್, ರಿಯಲ್‌ಟೆಕ್ ಕಾರ್ಡುಗಳೆಲ್ಲ ಈಗ ಸಲೀಸು. ಆದರೆ ಈ ಕಾರ್ಡಿನ ಫರ್ಮ್‌ವೇರ್ ಅದರಲ್ಲಿಲ್ಲ. ಬೇರೆಯವರು ಅದನ್ನು ಹಂಚಲು ಅನುಮತಿ ಇಲ್ಲ. ಅದಕ್ಕೆ ಡೆಬಿಯನ್ ಒಂದು ಸುತ್ತುದಾರಿ ಮಾಡಿದೆ. ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಅಂತ ಒಂದು ಪ್ಯಾಕೇಜ್ ಇದೆ. ಅದರೊಳಗೆ ಫರ್ಮ್‌ವೇರ್ ಇಲ್ಲ. ಅದು ನಿಮ್ಮ ಯಂತ್ರದಿಂದಲೇ ಇಂಟರ್‌ನೆಟ್‌ಗೆ ಹೋಗಿ, ಕಂಪನಿಯ ಹಳೆಯ ಡ್ರೈವರಿನ ಸುಮಾರು 13 ಎಂಬಿಯ ಕಟ್ಟು ಇಳಿಸಿಕೊಂಡು, ಬಿ43-ಎಫ್‌ಡಬ್ಲ್ಯೂಕಟರ್ ಅನ್ನೋ ಸಾಧನದಿಂದ ಒಳಗಿನ ಫರ್ಮ್‌ವೇರನ್ನು ಮಾತ್ರ ಬಿಡಿಸಿ ತೆಗೆಯುತ್ತದೆ. ಹಲಸಿನ ಹಣ್ಣು ಕೊಯ್ದು ತೊಳೆ ಬಿಡಿಸಿದ ಹಾಗೆ. ಇಡೀ ಹಣ್ಣು ತಂದರೂ ನಮಗೆ ಬೇಕಾದ್ದು ನಾಲ್ಕು ತೊಳೆ.

ಈ ಬಿ43 ಹುಟ್ಟಿದ ಕತೆ ನನಗೆ ತುಂಬ ಇಷ್ಟ. ಆಗ ಕಾರ್ಡಿನ ಒಳಗುಟ್ಟು ಹೇಳುವ ಯಾವ ದಾಖಲೆಯೂ ಹೊರಗಿರಲಿಲ್ಲ. ಒಂದು ಗುಂಪಿನವರು ಡ್ರೈವರ್ ಹೇಗೆ ನಡೆದುಕೊಳ್ಳುತ್ತದೆ ಅಂತ ಬಿಡಿಸಿ ನೋಡಿ ಬರೀ ವಿವರಣೆ ಬರೆದರು. ಇನ್ನೊಂದು ಗುಂಪಿನವರು ಆ ವಿವರಣೆ ಮಾತ್ರ ಓದಿ ಹೊಸ ಕೋಡ್ ಬರೆದರು. ಒಬ್ಬರ ಕೈ ಇನ್ನೊಬ್ಬರಿಗೆ ತಾಗಬಾರದು, ಯಾರ ಕೋಡನ್ನೂ ಕದ್ದಂತೆ ಆಗಬಾರದು ಅಂತ ಆ ಕಟ್ಟುನಿಟ್ಟು. 2006ರಲ್ಲಿ 2.6.17 ಕರ್ನಲ್‌ಗೆ ಅದರ ಮೊದಲ ರೂಪ ಸೇರಿತು. 2008ರ ಜನವರಿಯ 2.6.24ರಲ್ಲಿ ಬಿ43 ಅನ್ನೋ ಹೆಸರು ಬಂತು. ನಮ್ಮ ಎಲ್‌ಪಿ-ಪಿಎಚ್‌ವೈ ಕಾರ್ಡಿಗೆ ಬೆಂಬಲ ಬಂದದ್ದು 2009ರ ಕೊನೆಯಲ್ಲಿ, 2.6.32ರಲ್ಲಿ. 2010ರಲ್ಲಿ ಕಂಪನಿ ತಾನೇ ಒಂದು ಮುಕ್ತ ಡ್ರೈವರ್ ಹೊರತಂದಿತು. ಅದು 4313, 43224, 43225 ಚಿಪ್‌ಗಳಿಗೆ. 4312ಕ್ಕೆ ಅಲ್ಲ. ಹಾಗಾಗಿ ಚಿಕ್ಕಮ್ಮನ ಕಾರ್ಡಿಗೆ ಇವತ್ತಿಗೂ ಆ ಸ್ವಯಂಸೇವಕರು ಬರೆದ ಕೋಡೇ ಗತಿ.

ಆ ಕೆಲಸವನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಲ್ಯಾರಿ ಫಿಂಗರ್ ಒಬ್ಬರು. ಆ 13 ಎಂಬಿಯ ಕಟ್ಟು ಇಳಿದುಬರುತ್ತಿದ್ದದ್ದೂ ಅವರ ತಾಣದಿಂದಲೇ. ಮರುವರ್ಷ, 2024ರ ಜೂನ್‌ನಲ್ಲಿ, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸುದ್ದಿ ಓದಿದ ದಿನ ನನಗೆ ಸಾಗರದ ಆ ಜಗಲಿ ನೆನಪಾಯಿತು. ತನ್ನದಲ್ಲದ ಒಂದು ಕಾರ್ಡಿಗಾಗಿ ಅಷ್ಟು ವರ್ಷ ದುಡಿದವರಿಗೆ ನಾನು ಋಣಿ.

ಎರಡನೇ ಬಾಗಿಲು: ನೆಟ್‌ಗಾಗಿ ನೆಟ್ ಬೇಕು

ವೈಫೈ ಬರಬೇಕಾದರೆ ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಬರಬೇಕಾದರೆ ವೈಫೈ ಬೇಕು. ಕೇಬಲ್ ಚುಚ್ಚೋಣ ಅಂದರೆ, ನೆಟ್‌ಬುಕ್‌ನ ಬಲಬದಿಯ ಆ ಚೌಕದ ಪೋರ್ಟಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬೀರುವಿನಲ್ಲಿ ವರ್ಷಗಟ್ಟಲೆ ಇದ್ದದ್ದಲ್ವಾ. ಸೂಜಿಯಿಂದ ಮಣ್ಣು ಕೆರೆದು ತೆಗೆದೆ. ಒಳಗಿನ ತಂತಿಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಮಲೆನಾಡಿನ ಥಂಡಿ ಯಾವುದನ್ನೂ ಬಿಡುವುದಿಲ್ಲ. ಆ ದಾರಿ ಮುಚ್ಚಿತು.

ಉಳಿದದ್ದು ಫೋನ್. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರಿಗೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆ ಯುಎಸ್‌ಬಿ ಟೆದರಿಂಗ್ ಹಚ್ಚಿದರೆ ಸಾಕು. ಲಿನಕ್ಸ್‌ಗೆ ಅದು ಒಂದು ತಂತಿಯ ನೆಟ್‌ವರ್ಕ್ ಕಾರ್ಡ್ ಹಾಗೆ ಕಾಣುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ, ಯಾವ ಫರ್ಮ್‌ವೇರೂ ಬೇಡ. ವೈಫೈ ಕಾರ್ಡಿನ ತೊಂದರೆಗೆ ನಮ್ಮ ಕಡೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಆದರೆ ಕೇಬಲ್ ಡೇಟಾ ಸಾಗಿಸುವಂಥದ್ದೇ ಆಗಿರಬೇಕು. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಟೆದರಿಂಗ್ ಆಯ್ಕೆ ಮಸುಕಾಗಿಯೇ ಉಳಿಯುತ್ತದೆ. ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ಕೇಬಲ್ ಇದ್ದವು, ಮೂರನೆಯದು ಹೊಂದಿತು.

ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯ ಹತ್ತಿರ ಮಾತ್ರ. ನೆಟ್‌ಬುಕ್, ಫೋನ್ ಎರಡನ್ನೂ ಅಲ್ಲಿಗೆ ಒಯ್ದೆ. ನೆಟ್‌ಬುಕ್‌ನ ಬ್ಯಾಟರಿ ಎಂದೋ ಹೋಗಿತ್ತು, ಇನ್ವರ್ಟರ್ ಲೈನಿನಿಂದ ವೈರ್ ಎಳೆದೆವು. ಫರ್ಮ್‌ವೇರ್ ಇಳಿಸುವ ಆ ಪ್ಯಾಕೇಜ್ ಡೆಬಿಯನ್‌ನ ಕಾಂಟ್ರಿಬ್ ಅನ್ನೋ ವಿಭಾಗದಲ್ಲಿದೆ. ಹೊಸದಾಗಿ ಹಾಕಿದ ಯಂತ್ರದಲ್ಲಿ ನಾನ್-ಫ್ರೀ-ಫರ್ಮ್‌ವೇರ್ ವಿಭಾಗ ಇದ್ದರೂ ಕಾಂಟ್ರಿಬ್ ಇಲ್ಲದಿರಬಹುದು. ಇಲ್ಲೂ ಇರಲಿಲ್ಲ. ಸೋರ್ಸಸ್.ಲಿಸ್ಟ್ ಫೈಲ್ ತೆಗೆದು, ಮೇನ್ ಅನ್ನೋ ಪದದ ಮುಂದೆ ಕಾಂಟ್ರಿಬ್ ಅಂತ ಸೇರಿಸಿದೆ. ಆಪ್ಟ್ ಅಪ್‌ಡೇಟ್, ಆಮೇಲೆ ಇನ್‌ಸ್ಟಾಲ್.

ಮೊದಲ ಸಲ ಅರ್ಧದಲ್ಲೇ ಸಿಗ್ನಲ್ ಹೋಯಿತು. ಡೌನ್‌ಲೋಡ್ ಮುರಿದರೂ ಪ್ಯಾಕೇಜ್ ಒಳಗೆ ಬಂದುಬಿಟ್ಟಿರುತ್ತದೆ, ಫರ್ಮ್‌ವೇರ್ ಮಾತ್ರ ಇರುವುದಿಲ್ಲ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಇನ್‌ಸ್ಟಾಲ್ ಆಗಿದೆ ಅಂತ ಪಟ್ಟಿ ಹೇಳುತ್ತದೆ, ವೈಫೈ ಬರುವುದಿಲ್ಲ, ಕಾರ್ಡೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಲಿಬ್ ಫೋಲ್ಡರಿನೊಳಗಿನ ಫರ್ಮ್‌ವೇರ್, ಅದರೊಳಗೆ ಬಿ43 ಅನ್ನೋ ಫೋಲ್ಡರ್ ಇದೆಯಾ, ಅದರಲ್ಲಿ ಯುಕೋಡ್15 ಇದೆಯಾ ಅಂತ ಕಣ್ಣಾರೆ ನೋಡಬೇಕು.

ರಾತ್ರಿ ಊಟ ಮುಗಿದ ಮೇಲೆ ಮಳೆ ಸ್ವಲ್ಪ ತಗ್ಗಿತು. ರೀಇನ್‌ಸ್ಟಾಲ್ ಅಂತ ಕೊಟ್ಟೆ. ಈ ಸಲ 13 ಎಂಬಿ ಪೂರ್ತಿ ಬಂತು. ಆಮೇಲೆ ಪರದೆ ಮೇಲೆ ಸಾಲು ಸಾಲಾಗಿ ಫೈಲಿನ ಹೆಸರುಗಳು ಓಡಿದವು. ಎಕ್ಸ್‌ಟ್ರ್ಯಾಕ್ಟಿಂಗ್ ಇದು, ಎಕ್ಸ್‌ಟ್ರ್ಯಾಕ್ಟಿಂಗ್ ಅದು. ನಡುವೆ ಯುಕೋಡ್15, ಸ್ವಲ್ಪ ಕೆಳಗೆ ಎಲ್‌ಪಿ0ಇನಿಟ್‌ವ್ಯಾಲ್ಸ್15. ತೊಳೆ ಬಿಡಿಸಿ ಬಟ್ಟಲಿಗೆ ಬಿದ್ದಂತೆ ಅನ್ನಿಸಿತು.

ಮೂರನೇ ಬಾಗಿಲು: ಮುಂದಿನ ಅಂಚಿನ ಗುಂಡಿ

ಬಿ43 ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದೆ. ಫರ್ಮ್‌ವೇರ್ ಆವೃತ್ತಿ 666.2, 2011ರ ಫೆಬ್ರುವರಿ 23ರದ್ದು, ಲೋಡ್ ಆಗುತ್ತಿದೆ ಅಂತ ಕರ್ನಲ್ ಬರೆಯಿತು. ನೆಟ್‌ವರ್ಕ್ ಪಟ್ಟಿಯಲ್ಲಿ ಮೊದಲ ಸಲ ವೈರ್‌ಲೆಸ್ ಸಾಲು ಕಂಡಿತು. ಆದರೆ ಹುಡುಕಿದರೆ ಒಂದು ರೂಟರೂ ಕಾಣಲಿಲ್ಲ.

ಕರ್ನಲ್ ಆಗಲೇ ಕಾರಣ ಹೇಳಿತ್ತು. ಸಾಫ್ಟ್‌ವೇರ್ ಕಡೆಯಿಂದ ರೇಡಿಯೊ ಹಚ್ಚಿದ್ದೇನೆ, ಆದರೆ ಯಂತ್ರದ ಗುಂಡಿ ಇನ್ನೂ ಅದನ್ನು ಆರಿಸಿಟ್ಟಿದೆ, ಗುಂಡಿ ಒತ್ತಿ. ಅಷ್ಟು ಸ್ಪಷ್ಟವಾಗಿ ಬರೆದಿತ್ತು. ಆರ್‌ಎಫ್‌ಕಿಲ್ ಆದೇಶ ಕೊಟ್ಟು ಖಾತ್ರಿ ಮಾಡಿಕೊಂಡೆ. ಸಾಫ್ಟ್ ಬ್ಲಾಕ್ ಇಲ್ಲ, ಹಾರ್ಡ್ ಬ್ಲಾಕ್ ಹೌದು. ಸಾಫ್ಟ್ ಆದರೆ ಆದೇಶದಿಂದ ತೆಗೆಯಬಹುದು. ಹಾರ್ಡ್ ಆದರೆ ಕೈಯಿಂದಲೇ ತೆಗೆಯಬೇಕು.

ಗುಂಡಿ ಎಲ್ಲಿ? ಕೀಬೋರ್ಡಿನಲ್ಲಿ ಇರಲಿಲ್ಲ. ನೆಟ್‌ಬುಕ್ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದೆ. ಮುಂದಿನ ಅಂಚಿನಲ್ಲಿ, ಅಂಗೈ ಇಡುವ ಜಾಗದ ಕೆಳಗೆ, ಅಕ್ಕಿಕಾಳಿನಷ್ಟು ಉದ್ದದ ಒಂದು ಜಾರುಗುಂಡಿ. ಎಣ್ಣೆ ಜಿಡ್ಡು ಕಟ್ಟಿ ಕಪ್ಪು ಪ್ಲಾಸ್ಟಿಕ್‌ನಲ್ಲೇ ಸೇರಿಹೋಗಿತ್ತು. ಉಗುರಿನಿಂದ ಬಲಕ್ಕೆ ಸರಿಸಿದೆ. ಪಕ್ಕದ ದೀಪ ಕಿತ್ತಳೆಯಿಂದ ನೀಲಿಗೆ ತಿರುಗಿತು. ರಿಪೇರಿಯವನ ಮೇಜಿನಲ್ಲೂ ಇದು ಆರಿದ್ದ ಸ್ಥಿತಿಯಲ್ಲೇ ಇದ್ದಿರಬೇಕು.

ಮನೆಯ ರೂಟರ್ ಬಂತು. ಅದು ಒಂದೇ ಹೆಸರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬಿಡುವಂಥದ್ದು. ಈ ಕಾರ್ಡಿಗೆ 5 ಕಾಣುವುದಿಲ್ಲ. 2.4 ಸಾಕು. ದಪ್ಪ ಮಣ್ಣಿನ ಗೋಡೆಯ ಮನೆಯಲ್ಲಿ ಅದೇ ಚೆನ್ನಾಗಿ ದಾಟುವುದು. ಪಾಸ್‌ವರ್ಡ್ ಕೊಟ್ಟೆ, ಸೇರಿತು. "ಬಂತಾ ತಮಾ?" ಅಂತ ಅಡುಗೆಮನೆಯಿಂದ ಕೇಳಿದಳು. ಬಂತು ಅಂದೆ.

ನಾಲ್ಕನೆಯದು

ಎರಡು ನಿಮಿಷಕ್ಕೆ ಹೋಯಿತು. ಆಮೇಲೆ ತಾನೇ ಮತ್ತೆ ಬಂತು. ರೀಬೂಟ್ ಮಾಡಿ ನೋಡಿದೆ. ಮತ್ತೆ ಅದೇ. ಸೇರಿದ ಸ್ವಲ್ಪ ಹೊತ್ತಿಗೆ ಒಂದು ಸಲ ಕಡಿದು, ಆಮೇಲೆ ನಿಲ್ಲುತ್ತಿತ್ತು.

ಬಹಳ ಜನ ಇಲ್ಲಿಗೆ ಸಾಕು ಅಂತ ಬಿಟ್ಟುಬಿಡುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಉದ್ದದ ಹಾಡನ್ನು ಮೇಲ್‌ನಲ್ಲಿ ಬರೆಯುತ್ತಾ ಕೂತಾಗ ನಡುವೆ ಕಡಿದರೆ ಚಿಕ್ಕಮ್ಮ ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತಾಳೆ. ವಯಸ್ಸಾದವರು ಕಂಪ್ಯೂಟರ್ ಮುಂದೆ ಹಾಗೇ ಅಂದುಕೊಳ್ಳುವುದು. ಅದು ನನಗೆ ಬೇಡವಾಗಿತ್ತು.

ಮತ್ತೆ ಆ ಐದು ಅಕ್ಷರದ ಆದೇಶ. ಈ ಸಲ ಸಿಕ್ಕಿದ್ದು: ಫೇಟಲ್ ಡಿಎಂಎ ಎರರ್. ಕೆಳಗೆ, ನಿಮ್ಮ ಯಂತ್ರದಲ್ಲಿ ಈ ಕಾರ್ಡ್ ಡಿಎಂಎ ಬಳಸಲಾಗದು, ಪಿಐಒಗೆ ಬದಲಾಯಿಸುತ್ತಿದ್ದೇನೆ. ಆಮೇಲೆ ಕಂಟ್ರೋಲರ್ ರೀಸೆಟ್.

ಡಿಎಂಎ ಅಂದರೆ ಕಾರ್ಡ್ ತನಗೆ ಬಂದ ಡೇಟಾವನ್ನು ಪ್ರೊಸೆಸರಿನ ಕೈಗೆ ಕೊಡದೆ ನೇರ ಮೆಮೊರಿಗೆ ತಂದಿಡುವುದು. ಪಿಐಒ ಅಂದರೆ ಪ್ರೊಸೆಸರೇ ಹೋಗಿ ಸ್ವಲ್ಪ ಸ್ವಲ್ಪವಾಗಿ ಹೊತ್ತು ತರುವುದು. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಆಳುಗಳು ನೇರ ಅಟ್ಟಕ್ಕೆ ಹಾಕುವುದಕ್ಕೂ, ಯಜಮಾನನೇ ಬುಟ್ಟಿ ಬುಟ್ಟಿಯಾಗಿ ಹೊರುವುದಕ್ಕೂ ಇರುವ ವ್ಯತ್ಯಾಸ ಅದು. ಎರಡನೆಯದು ನಿಧಾನ. ಯಜಮಾನನಿಗೆ ಬೇರೆ ಕೆಲಸಕ್ಕೂ ಪುರುಸೊತ್ತಿಲ್ಲ. ಆದರೆ ಅಡಿಕೆ ಅಟ್ಟ ಸೇರುತ್ತದೆ.

ಆಟಂ ನೆಟ್‌ಬುಕ್‌ಗಳಲ್ಲಿ ಈ ಕಾರ್ಡಿಗೆ ಈ ತೊಂದರೆಯನ್ನು ಹಲವರು ಕಂಡಿದ್ದಾರೆ. ಅದಕ್ಕೇ ಡ್ರೈವರ್ ಬರೆದವರು ತಾನಾಗಿ ಪಿಐಒಗೆ ಹೊರಳುವ ಏರ್ಪಾಟು ಮಾಡಿದ್ದು. ಆದರೆ ಹೊರಳುವಾಗ ಕಾರ್ಡನ್ನು ಒಮ್ಮೆ ಆರಿಸಿ ಹಚ್ಚಬೇಕು. ಸಂಪರ್ಕ ಕಡಿಯುತ್ತಿದ್ದದ್ದು ಆಗಲೇ. ಮೊದಲೇ ಪಿಐಒದಲ್ಲಿ ಶುರು ಮಾಡಿಸಿದರೆ ಕಡಿಯುವ ಪ್ರಶ್ನೆಯೇ ಇಲ್ಲ. ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ, ಮೊದಲು ಆ ಬ್ಲ್ಯಾಕ್‌ಲಿಸ್ಟ್ ಫೈಲ್ ಇದ್ದ ಜಾಗದಲ್ಲೇ, ಬಿ43.ಕಾನ್ಫ್ ಅಂತ ಒಂದು ಹೊಸ ಫೈಲ್ ಮಾಡಿದೆ. ಒಳಗೆ ಒಂದೇ ಸಾಲು: ಆಪ್ಷನ್ಸ್ ಬಿ43 ಪಿಐಒ=1. ರೀಬೂಟ್ ಮಾಡಿ ರಾತ್ರಿಯಿಡೀ ರೂಟರಿಗೆ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಕಾಯುವುದು) ಹಚ್ಚಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲೋ ಒಂದೆರಡು ಬಿಟ್ಟರೆ ಎಲ್ಲ ಮರಳಿ ಬಂದಿದ್ದವು.

ಕಾರ್ಡಿನ ಮೇಲೆ ಬರೆದಿರುವ ವೇಗ 54 ಎಂಬಿಪಿಎಸ್. ಪಿಐಒದಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ದೊಡ್ಡ ವಿಡಿಯೊ ನೋಡುವವರಿಗೆ ಇದು ಸಾಲದು. ಮೇಲ್‌ಗೆ, ಪೇಪರ್ ಓದುವುದಕ್ಕೆ ಸಾಕು.

ಬೇರೆ ದಾರಿ ಇರಲಿಲ್ವಾ ಅಂತ ಹುಡುಗ ಆಮೇಲೆ ಕೇಳಿದ. ಇತ್ತು. ಹೆಡರ್‌ಗಳನ್ನು ಹಾಕಿಕೊಂಡು ಡಬ್ಲ್ಯೂಎಲ್ ಕಂಪೈಲ್ ಮಾಡಿಸಬಹುದಿತ್ತು, ಬಹುಶಃ ವೇಗವೂ ಜಾಸ್ತಿ ಸಿಗುತ್ತಿತ್ತು. ಆದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದು ಮತ್ತೆ ಕಂಪೈಲ್ ಆಗಬೇಕು. ಒಂದು ಸಲ ತಪ್ಪಿದರೆ ವೈಫೈ ಇಲ್ಲ, ಸರಿ ಮಾಡಲು ನಾನು ಅಲ್ಲಿಲ್ಲ. ಬಿ43 ಕರ್ನಲ್ ಜೊತೆಗೇ ಬರುತ್ತದೆ. ದೂರದ ಊರಿನ ಯಂತ್ರಕ್ಕೆ ವೇಗಕ್ಕಿಂತ ಅದು ಮುಖ್ಯ ಅನ್ನೋದು ನನ್ನ ತೀರ್ಮಾನ. ಕಾರ್ಡ್ ನಿಜಕ್ಕೂ ಸತ್ತಿದ್ದರೆ ಎಆರ್9271 ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್ ಹುಡುಕುತ್ತಿದ್ದೆ. ಅದರ ಫರ್ಮ್‌ವೇರ್‌ನ ಸೋರ್ಸ್ ಕೋಡನ್ನು 2013ರಲ್ಲೇ ಮುಕ್ತ ಮಾಡಿದ್ದಾರೆ, ಡೆಬಿಯನ್‌ನ ಮೇನ್ ವಿಭಾಗದಲ್ಲೇ ಸಿಗುತ್ತದೆ, ಈ ಯಾವ ಸುತ್ತುದಾರಿಯೂ ಬೇಡ.

ಹೊರಡುವ ಮೊದಲು ಬಿ43 ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ನೆಟ್‌ಬುಕ್‌ನ ಚೀಲದಲ್ಲೇ ಇಟ್ಟೆ. ನಾಳೆ ಡಿಸ್ಕ್ ಕೆಟ್ಟು ಡೆಬಿಯನ್ ಮತ್ತೆ ಹಾಕಬೇಕಾಗಿ ಬಂದರೆ ಜಗಲಿಯ ಕಿಟಕಿಗೆ ಹೋಗಿ ಸಿಗ್ನಲ್ ಕಾಯಬೇಕಿಲ್ಲ. ಆ ಫೋಲ್ಡರನ್ನು ಲಿಬ್ ಒಳಗಿನ ಫರ್ಮ್‌ವೇರ್ ಜಾಗಕ್ಕೆ ಹಾಕಿದರಾಯಿತು. ಕನ್ನಡಕ್ಕೆ ಗುಬ್ಬಿ ಫಾಂಟ್ ಹಾಕಿದೆ. ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ, ನುಡಿಯಲ್ಲಿರುವ ಕೀಲಿ ಜೋಡಣೆಯೇ ಆದ ಕೆಜಿಪಿ ಕೀಬೋರ್ಡ್ ಕೂರಿಸಿದೆ. ಹಿಂದೆ ಕಂಪ್ಯೂಟರ್ ಕ್ಲಾಸಿನಲ್ಲಿ ನುಡಿ ಕಲಿತಿದ್ದ ಚಿಕ್ಕಮ್ಮನಿಗೆ ಬೆರಳು ತಾನೇ ನೆನಪು ಮಾಡಿಕೊಂಡಿತು.

ತಿಂಗಳ ನಂತರ ಮಗಳು ನನಗೆ ಒಂದು ಫೋಟೊ ಕಳಿಸಿದಳು. ಮೊದಲ ನೋಟ್‌ಬುಕ್ ಅರ್ಧ ಟೈಪ್ ಆಗಿತ್ತು. ಫೋಟೊದಲ್ಲಿ ನೆಟ್‌ಬುಕ್‌ನ ಮುಂದಿನ ಅಂಚು ಕಾಣುತ್ತಿತ್ತು. ಜಾರುಗುಂಡಿಯ ಮೇಲೆ ಬಿಳಿ ಬ್ಯಾಂಡೇಜ್ ಪಟ್ಟಿ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಚಿಕ್ಕಮ್ಮ ಬರೆದಿದ್ದಳು: ವೈಫೈ, ಬಲಕ್ಕೆ.